ಒಂದು ಚಿಟಿಕೆ ಸರ್ಕಾರಿ ಗೊಬ್ಬರ

ಬೆಳಿಗ್ಗೆ ಆರೂವರೆಗೆ ಗಿಡಗಳಿಗೆ ನೀರು ಹಾಕಲು ತಾರಸಿಗೆ ಹೋದವಳು ಅವ್ವನ ಮಲ್ಲಿಗೆ ಕುಂಡದ ಮುಂದೆ ನಿಂತುಬಿಟ್ಟೆ. ಕುಂಡದ ಅಂಚಿಗೆ ಒತ್ತಿಕೊಂಡು ಹತ್ತು ಹನ್ನೆರಡು ಬಿಳಿ ಕಾಳು ಬಿದ್ದಿದ್ದವು. ಸಬ್ಬಕ್ಕಿಗಿಂತ ಸಣ್ಣವು. ಬಳಿದು ಅಂಗೈಗೆ ಹಾಕಿಕೊಂಡು, ಮೇಲೆ ನಾಲ್ಕು ಹನಿ ನೀರು ಬಿಟ್ಟೆ. ಕಾಳು ಕರಗುತ್ತಿದ್ದ ಹಾಗೆ ಅಂಗೈಯ ಆ ಜಾಗ ತಣ್ಣಗಾಯಿತು. ಗೊತ್ತಾಗಿಹೋಯಿತು. ಆ ತಣ್ಣನೆಯನ್ನು ನಾನು ಎಂಟನೇ ವಯಸ್ಸಿನಿಂದ ಬಲ್ಲೆ.

ಅಪ್ಪ ಸೊಸೈಟಿಯಲ್ಲಿ ಗುಮಾಸ್ತ. ಮಂಡ್ಯದ ಪಕ್ಕದ ನಮ್ಮೂರಿನ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಗೊಬ್ಬರದ ಮೂಟೆ ಲೆಕ್ಕ ಬರೆದವನು. ಸ್ಕೂಲು ಬಿಟ್ಟ ಮೇಲೆ ನಾನು ಸೀದಾ ಗೋಡೌನಿಗೆ ಹೋಗುತ್ತಿದ್ದೆ. ಬೇಸಿಗೆಯಲ್ಲಿ ಅಪ್ಪ ಹಿತ್ತಾಳೆ ಚೊಂಬಿನ ತುಂಬ ನೀರು ಹಿಡಿದು, ಒಂದು ಹಿಡಿ ಯೂರಿಯಾ ಹಾಕಿ ಕಡ್ಡಿಯಲ್ಲಿ ತಿರುವಿ, 'ಈಗ ಚೊಂಬು ಮುಟ್ಟು ನೋಡುವ' ಅನ್ನುತ್ತಿದ್ದ. ಫ್ರಿಜ್ಜು ಅಂದರೇನು ಅಂತ ಕಣ್ಣಲ್ಲಿ ಕಂಡಿರದ ನನಗೆ ಅದು ದೊಡ್ಡ ಮಾಟದ ಹಾಗೆ ಕಾಣುತ್ತಿತ್ತು. ಯೂರಿಯಾ ನೀರಿನಲ್ಲಿ ಕರಗುವಾಗ ಸುತ್ತಲಿನ ಕಾವನ್ನು ಎಳೆದುಕೊಳ್ಳುತ್ತದೆ ಅನ್ನುವುದು ಆಮೇಲೆ ಪಿಯುಸಿಯಲ್ಲಿ ತಿಳಿಯಿತು. ಆಟ ಮುಗಿದ ಮೇಲೆ ಆ ನೀರನ್ನು ಬಕೆಟ್ಟಿಗೆ ಸುರಿದು, ಇನ್ನಷ್ಟು ನೀರು ಬೆರೆಸಿ, ಸೊಸೈಟಿ ಬಾಗಿಲಿನ ತೆಂಗಿನ ಸಸಿಗೆ ಹಾಕುತ್ತಿದ್ದ.

ನಮ್ಮೂರಲ್ಲಿ ಅದಕ್ಕೆ ಯೂರಿಯಾ ಅನ್ನುವುದಕ್ಕಿಂತ 'ಸರ್ಕಾರಿ ಗೊಬ್ಬರ' ಅಂತಲೇ ಹೆಸರು. ತಿಪ್ಪೆಯಿಂದ ಬಂದದ್ದು ಕೊಟ್ಟಿಗೆ ಗೊಬ್ಬರ, ಮೂಟೆಯಲ್ಲಿ ಬಂದದ್ದು ಸರ್ಕಾರಿ ಗೊಬ್ಬರ. ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. ಕನ್ನಂಬಾಡಿ ನಾಲೆಯ ನೀರು ಬಂದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ, ರಾಗಿ ಹೊಲವೆಲ್ಲ ಕಬ್ಬಿನ ಗದ್ದೆಯಾದ ಮೇಲೆ ತಿಪ್ಪೆಯೊಂದನ್ನೇ ನೆಚ್ಚಿಕೊಂಡು ಕೂರುವ ಹಾಗಿರಲಿಲ್ಲ. ಬೆಳಗೊಳದಲ್ಲಿ ಸ್ವಾತಂತ್ರ್ಯಕ್ಕೆ ಮುಂಚೆಯೇ ಅಮೋನಿಯಂ ಸಲ್ಫೇಟ್ ತಯಾರಿಸುವ ಕಾರ್ಖಾನೆ ಇತ್ತು. ನಾನು ಹುಟ್ಟುವ ಹೊತ್ತಿಗೆ ಮೂಟೆ ಮನೆಮನೆಗೂ ಬಂದಾಗಿತ್ತು. ಖಾಲಿಯಾದ ಚೀಲ ಎಮ್ಮೆಯ ಮೈಮೇಲಿನ ಹೊದಿಕೆಯಾಗಿ, ಮಳೆಗೆ ತಲೆಯ ಮೇಲಿನ ಕೊಪ್ಪೆಯಾಗಿ, ಬಚ್ಚಲಿನ ಮರೆಯಾಗಿ ಇರುತ್ತಿತ್ತು. ಅವ್ವ ನನಗೆ ಹೊಲಿದುಕೊಟ್ಟ ಮೊದಲ ಸ್ಕೂಲು ಚೀಲದ ಬೆನ್ನಿನ ಮೇಲೆ ಶೇಕಡಾ 46 ಸಾರಜನಕ ಅಂತ ಮುದ್ರೆಯಿತ್ತು. ನಾನು ಕಲಿತ ಮೊದಲ ಶೇಕಡಾ ಅದೇ ಇರಬೇಕು.

ಅಂಥವಳು ಬೆಂಗಳೂರಿಗೆ ಬಂದು, ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿ, ತಾರಸಿಯ ಮೇಲೆ ನಲವತ್ತು ಕುಂಡ ಇಟ್ಟುಕೊಂಡು, ಸಾವಯವದ ಕಟ್ಟಾ ಭಕ್ತೆಯಾದೆ. ಭಕ್ತೆ ಅನ್ನುವುದನ್ನು ಸುಮ್ಮನೆ ಹೇಳುತ್ತಿಲ್ಲ. ಎರೆಹುಳದ ತೊಟ್ಟಿಯಿತ್ತು. ಅಡಿಗೆ ಮನೆಯ ಕಸಕ್ಕೆ ಮೂರು ಅಂತಸ್ತಿನ ಮಡಕೆ. ಬೇವಿನ ಹಿಂಡಿ, ಹೊಂಗೆ ಹಿಂಡಿ, ಕಡಲೆಕಾಯಿ ಹಿಂಡಿ ಒಂದೊಂದು ಡಬ್ಬದಲ್ಲಿ. ಎಕರೆಗೆಂದು ಹೇಳಿದ ಜೀವಾಮೃತದ ಲೆಕ್ಕವನ್ನು, ಅಂದರೆ ಇನ್ನೂರು ಲೀಟರ್ ನೀರಿಗೆ ಹತ್ತು ಕೇಜಿ ಸಗಣಿ, ಗಂಜಲ, ಎರಡೆರಡು ಕೇಜಿ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು ಅನ್ನುವುದನ್ನು, ಹತ್ತು ಲೀಟರಿನ ಬಕೆಟ್ಟಿಗೆ ಭಾಗಿಸಿ ಮಾಡುತ್ತಿದ್ದೆ. ಸಗಣಿಯನ್ನು ಆನ್‌ಲೈನಿನಲ್ಲಿ ತರಿಸಿದ್ದನ್ನು ಅಪ್ಪನಿಗೆ ಹೇಳಿರಲಿಲ್ಲ. ಕಾಲೇಜಿನ ಪರಿಸರ ಸಂಘದಲ್ಲಿ ಪ್ರತಿವರ್ಷ ನನ್ನದೊಂದು ಭಾಷಣ. ಅದರಲ್ಲಿ ನಮ್ಮವ್ವನ ಹಿತ್ತಲು ತಪ್ಪದೆ ಬರುತ್ತಿತ್ತು. 'ನಮ್ಮವ್ವ ಒಂದು ಕಾಳು ರಾಸಾಯನಿಕ ಮುಟ್ಟಿದವಳಲ್ಲ. ತಿಪ್ಪೆ, ಬೂದಿ, ಕೆರೆಗೋಡು ಇಷ್ಟರಲ್ಲೇ ಊರಿಗೆಲ್ಲ ಹೂ ಹಂಚುತ್ತಿದ್ದಳು' ಅನ್ನುವಲ್ಲಿಗೆ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಗೋಡೌನಿನ ವಿಷಯ ಅಲ್ಲಿ ಬರುತ್ತಿರಲಿಲ್ಲ. ಅಪ್ಪ ಏನು ಮಾಡಿಕೊಂಡಿದ್ದರು ಅಂತ ಯಾರಾದರೂ ಕೇಳಿದರೆ 'ಸಹಕಾರಿ ಇಲಾಖೆ' ಅಂದುಬಿಡುತ್ತಿದ್ದೆ.

ಅವ್ವ ಹೋಗಿ ಮೂರು ವರ್ಷವಾಯಿತು. ತಿಥಿ ಮುಗಿಸಿ ಬರುವಾಗ ಹಿತ್ತಲಿನ ದುಂಡುಮಲ್ಲಿಗೆಯ ಬೇರುಬಿಟ್ಟ ಒಂದು ಕೊಂಬೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ತಂದೆ. ಅದು ಕುಂಡದಲ್ಲಿ ಬದುಕಿತು, ಅಷ್ಟೇ. ಎರಡು ಬೇಸಿಗೆ ಕಳೆದರೂ ಒಂದು ಮೊಗ್ಗಿಲ್ಲ. ಡಿಸೆಂಬರಿನಲ್ಲಿ ಸವರಿದೆ, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಹಾಕಿದೆ, ಅಕ್ಕಿ ತೊಳೆದ ನೀರು ಹಾಕಿದೆ, ಬುಡಕ್ಕೆ ತರಗೆಲೆ, ತೆಂಗಿನ ನಾರಿನ ಪುಡಿ ಎಲ್ಲ ಹೊದಿಸಿದೆ. ಗಿಡ ಮಾತ್ರ ನೆಂಟರ ಮನೆಯಲ್ಲಿ ಸಂಕೋಚಪಟ್ಟುಕೊಂಡು ಕೂತವರ ಹಾಗೆ ಇದ್ದಷ್ಟೇ ಇತ್ತು.

ಈ ಫೆಬ್ರವರಿಯಲ್ಲಿ ಅಪ್ಪ ಕಣ್ಣಿನ ಪೊರೆ ಆಪರೇಷನ್ನಿಗೆಂದು ಬಂದ. ಬಂದ ದಿನ ಸಂಜೆಯೇ ತಾರಸಿ ಹತ್ತಿ, ಮಲ್ಲಿಗೆಯ ಕೆಳಗಿನ ಎಲೆಯೊಂದನ್ನು ಎರಡು ಬೆರಳಲ್ಲಿ ಹಿಡಿದು, 'ಹಳದಿಯಾಗದಲ್ಲವ್ವ. ಹಸ್ಕೊಂಡದೆ' ಅಂದ.

'ಅದು ನಿನ್ನ ಕಣ್ಣಿನ ಪೊರೆ ಅಪ್ಪ. ಪೊರೆ ಬಂದೋರಿಗೆ ಎಲ್ಲಾ ಹಳದಿಯಾಗಿ ಕಾಣುತ್ತಂತೆ. ಡಾಕ್ಟರೇ ಹೇಳಿಲ್ವಾ?'

ಅಪ್ಪ ವಾದಿಸಲಿಲ್ಲ. ಬಲಗಣ್ಣಿನ ಆಪರೇಷನ್ ಆಯಿತು. ಬಗ್ಗಬಾರದು, ಧೂಳಿಗೆ ಹೋಗಬಾರದು, ದಿನಕ್ಕೆ ನಾಲ್ಕು ಸಲ ಡ್ರಾಪ್ಸ್. ಅದನ್ನು ಹಾಕುವುದು ನನ್ನ ಕೆಲಸ. ಚಿಕ್ಕ ಮಕ್ಕಳ ಹಾಗೆ ತಲೆ ಹಿಂದಕ್ಕೆ ಮಾಡಿ, ಬಾಯಿ ತೆರೆದುಕೊಂಡು ಕೂರುತ್ತಿದ್ದ. ಒಂದು ವಾರ ಕಳೆದ ಮೇಲೆ ನನಗೆ ಕಾಣದ ಹಾಗೆ ಮೇಲಕ್ಕೆ ಹೋಗಿದ್ದಾನೆ. ಕೆಳಗೆ ಬಂದವನೇ ಕಪ್ಪು ಕನ್ನಡಕ ತೆಗೆದು, ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹೇಳಿದ: 'ಈ ಕಣ್ಣಲ್ಲಿ ಆಕಾಶ ನೀಲಿ ಕಾಣ್ತದೆ, ನಿನ್ನ ಗೋಡೆ ಬೆಳ್ಳಗೆ ಕಾಣ್ತದೆ. ಮಲ್ಲಿಗೆ ಎಲೆ ಇನ್ನೂ ಹಳದೀನೇ ಕಣವ್ವ.'

ನಾನು ನಕ್ಕು ಸುಮ್ಮನಾದೆ. ನಕ್ಕದ್ದು ತಪ್ಪಾಯಿತು. ಅದಾದ ನಾಲ್ಕನೇ ದಿನ ಬಿಳಿ ಕಾಳು ಕಂಡವು.

ಕೆಳಗಿಳಿದು ಬಂದು ಅಪ್ಪನ ಬ್ಯಾಗು ತೆಗೆದೆ. ಪಂಚೆಗಳ ಕೆಳಗೆ, ಕಡಲೆಪುರಿ ಕಟ್ಟಿದಂತೆ ನ್ಯೂಸ್‌ಪೇಪರಿನಲ್ಲಿ ಕಟ್ಟಿದ ಪೊಟ್ಟಣ. ಅದನ್ನು ತಂದು ಅವನ ಕಾಫಿ ಲೋಟದ ಪಕ್ಕ ಇಟ್ಟೆ.

'ಒಂದೇ ಚಿಟಿಕೆ ಹಾಕಿದ್ದು. ನೀರಿಗೆ ಕದರಿ' ಅಂದ.

ಅಲ್ಲಿಗೆ ನಿಲ್ಲಬಹುದಿತ್ತು. 'ಮೂವತ್ತು ವರ್ಷ ಇಡೀ ಊರಿಗೆ ವಿಷ ಅಳೆದುಕೊಟ್ಟಿದ್ದು ಸಾಲದಾ? ಇನ್ನು ಅವ್ವನ ಗಿಡಕ್ಕೂ ಹಾಕಬೇಕಾ?' ಅಂದುಬಿಟ್ಟೆ.

ಅಪ್ಪ ಕಾಫಿ ಕುಡಿದು ಲೋಟವನ್ನು ತಾನೇ ತೊಳೆದಿಟ್ಟ. ಮಧ್ಯಾಹ್ನ ಡ್ರಾಪ್ಸ್ ಹಾಕಲು ಹೋದರೆ ಆಗಲೇ ತಾನೇ ಹಾಕಿಕೊಂಡಿದ್ದ. ಸರಿಯಾಗಿ ಬಿದ್ದಿರಲಿಲ್ಲ. ಕೆನ್ನೆಯ ಮೇಲೆ ಒದ್ದೆ ಗೆರೆಯಿತ್ತು. ಅದು ಔಷಧಿಯೇ ಅಂತ ನಾನು ನಂಬಿಕೊಂಡೆ.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಇದನ್ನು ಅರ್ಧ ತಮಾಷೆಯಾಗಿ ಹೇಳಿದಾಗ ನಮ್ಮ ಕೆಮಿಸ್ಟ್ರಿ ಮೇಡಂ ನಗಲಿಲ್ಲ. 'ನಿಮ್ಮ ಜೀವಾಮೃತದ ಗಂಜಲದಲ್ಲಿ ಇರೋದೇನು ಅಂದ್ಕೊಂಡಿದ್ದೀರಿ? ಅದೇ ಯೂರಿಯಾ' ಅಂದರು. 1828ರಲ್ಲಿ ಜರ್ಮನಿಯ ವೋಲರ್ ಎಂಬ ಯುವಕ ಪ್ರಯೋಗಶಾಲೆಯಲ್ಲಿ ಯೂರಿಯಾ ತಯಾರಿಸಿದಾಗ ಅವನಿಗೇ ನಂಬಿಕೆಯಾಗಲಿಲ್ಲವಂತೆ. ಜೀವಿಗಳ ಒಳಗಿನ ಪದಾರ್ಥ ಜೀವಿಗಳಿಂದಲೇ ಆಗಬೇಕು ಅಂತ ಆಗ ಬಹಳ ಜನ ತಿಳಿದಿದ್ದರು. ಮನುಷ್ಯನದಾಗಲಿ ನಾಯಿಯದಾಗಲಿ ಮೂತ್ರಪಿಂಡದ ಹಂಗಿಲ್ಲದೆ ಯೂರಿಯಾ ಮಾಡಿದ್ದೇನೆ ಅನ್ನುವ ಅರ್ಥದಲ್ಲಿ ತನ್ನ ಗುರು ಬರ್ಜೀಲಿಯಸ್‌ಗೆ ಕಾಗದ ಬರೆದನಂತೆ. ಹಸುವಿನದಕ್ಕೂ ಮೂಟೆಯದಕ್ಕೂ ಅಣುವಿನ ಮಟ್ಟದಲ್ಲಿ ಭೇದವಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಎರಡನ್ನೂ ಮೊದಲು ಅಮೋನಿಯಂ ಆಗಿ, ಆಮೇಲೆ ನೈಟ್ರೇಟ್ ಆಗಿ ಒಡೆಯುತ್ತವೆ. ಬೇರು ಹೀರುವುದು ಹೆಚ್ಚಾಗಿ ಆ ಎರಡನ್ನೇ. ಇದು ಎಲ್ಲಿಂದ ಬಂತು, ಯಾರ ಮನೆಯದು ಅಂತ ಬೇರು ಕೇಳುವುದಿಲ್ಲ.

ಜಾತಿ ಕೇಳುತ್ತಿದ್ದವಳು ನಾನೇ ಅಂತ ಮನಸ್ಸಿಗೆ ಬಂತು, ಆದರೆ ಅಷ್ಟು ಸುಲಭಕ್ಕೆ ಸೋಲಲು ಮನಸ್ಸಿರಲಿಲ್ಲ. ರಾತ್ರಿ ಕೂತು ಲೆಕ್ಕ ಹಾಕಿದೆ. ಈಗಿನ ಯೂರಿಯಾ ಮೂಟೆ 45 ಕೇಜಿಯದು (2018ಕ್ಕೆ ಮುಂಚೆ 50 ಇತ್ತು). ಅದರಲ್ಲಿ ಸಾರಜನಕ ಸುಮಾರು 20 ಕೇಜಿ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡಾ ಅರ್ಧದಷ್ಟು. ಅಂದರೆ ಒಂದು ಮೂಟೆಯ ಬದಲು ನಾಲ್ಕು ಟನ್ ಗೊಬ್ಬರ, ಎತ್ತಿನ ಗಾಡಿಯಲ್ಲಾದರೆ ಏಳೆಂಟು ಗಾಡಿ ಹೊಡೆಯಬೇಕು. ಎರಡು ಎಮ್ಮೆ ಇರುವ ಮನೆಯವನು ಎಲ್ಲಿಂದ ತರಬೇಕು? ಆದರೆ ಆ ಏಳೆಂಟು ಗಾಡಿಯಲ್ಲಿ ಸಾರಜನಕ ಒಂದೇ ಇರುವುದಿಲ್ಲವಲ್ಲ. ರಂಜಕ, ಪೊಟ್ಯಾಷ್, ಸತು, ಎರೆಹುಳದ ಊಟ, ಮಣ್ಣು ನೀರು ಹಿಡಿದುಕೊಳ್ಳುವ ಗುಣ ಎಲ್ಲ ಇರುತ್ತದೆ. ಮೂಟೆಯಲ್ಲಿ ಅದು ಯಾವುದೂ ಇಲ್ಲ. ಭತ್ತದ ಗದ್ದೆಗೆ ಎರಚಿದ ಯೂರಿಯಾದ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಗೆ ದಕ್ಕದೆ ಗಾಳಿಗೂ ನೀರಿಗೂ ಹೋಗುತ್ತದೆ. ಹಾಗಾಗಿ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಹೇಳಿದ್ದು ಯಾರಿಗೆ ಅನ್ನುವುದೇ ಮುಳ್ಳಾಗಿ ಚುಚ್ಚುತ್ತಿತ್ತು.

ಮೂರನೆಯ ದಿನ ಸಂಜೆ ಅಪ್ಪ ತಾನೇ ಮಾತು ತೆಗೆದ. ತಾರಸಿಯ ನೀರಿನ ತೊಟ್ಟಿ ಕಟ್ಟೆಯ ಮೇಲೆ ಕೂತಿದ್ದೆವು.

'ವಿಷ ಅಂದ್ಯಲ್ಲ, ಅದೇ ಯೋಚ್ನೆ ಮಾಡ್ತಿದ್ದೆ' ಅಂದ. 'ಹಾವೇರಿಲಿ ಗೋಲಿಬಾರಾಯ್ತಲ್ಲ, ಗ್ಯಾಪ್ಕ ಅದಾ?'

ಜ್ಞಾಪಕವಿತ್ತು. 2008ರ ಜೂನ್. ಮುಂಗಾರು ಬಿದ್ದು ಬಿತ್ತನೆಯ ಹೊತ್ತಿಗೆ ಗೊಬ್ಬರವಿಲ್ಲದೆ ರೈತರು ಬೀದಿಗಿಳಿದಾಗ ಪೊಲೀಸರು ಗುಂಡು ಹಾರಿಸಿ ಜೀವ ಹೋಗಿತ್ತು. ಆ ರಾತ್ರಿ ಅಪ್ಪ ಮುದ್ದೆ ಮುರಿಯದೆ ತಟ್ಟೆ ಪಕ್ಕಕ್ಕೆ ಸರಿಸಿದ್ದು ಗೊತ್ತಿತ್ತು. ಯಾಕೆ ಅಂತ ನಾನು ಕೇಳಿರಲಿಲ್ಲ.

'ನಮ್ಮ ಸೊಸೈಟಿ ಮುಂದೂ ಅವತ್ತು ಕ್ಯೂ ಇತ್ತು. ರಾತ್ರಿಯಿಂದ ಚಪ್ಪಲಿ ಸಾಲಾಗಿಟ್ಟು ಜಾಗ ಹಿಡ್ಕೊಂಡಿದ್ರು. ಒಳಗಿದ್ದಿದ್ದು ನಲವತ್ತು ಮೂಟೆ, ಹೊರಗಿದ್ದೋರು ಇನ್ನೂರು ಜನ. ಕಿಟಕಿ ತೆಗೀಬೇಕಾದೋನು ನಾನು. ಅವ್ರು ವಿಷಕ್ಕೆ ಬಂದು ನಿಂತಿದ್ರಾ ಮಗ?'

ನಾನು ಮಾತಾಡಲಿಲ್ಲ.

'ಆದ್ರೆ ನೀನು ಹೇಳಿದ್ದೂ ಅದೆ ಬುಡು' ಅಂತ ತಾನೇ ಮುಂದುವರಿಸಿದ. ಕೊನೆಯ ವರ್ಷದ ಲೆಡ್ಜರ್ ಅವನಿಗೆ ಕಣ್ಣಿಗೆ ಕಟ್ಟಿದ ಹಾಗಿದೆ. 2010ರಲ್ಲಿ ಸಬ್ಸಿಡಿಯ ಕ್ರಮ ಬದಲಾಯಿತು. ಪೊಟ್ಯಾಷಿನ ಬೆಲೆ, ಡಿಎಪಿಯ ಬೆಲೆ ಕಂಪನಿಗಳಿಗೆ ಬಿಟ್ಟದ್ದಾಯಿತು, ಅವು ಏರಿದವು. ಯೂರಿಯಾವನ್ನು ಮಾತ್ರ ಸರ್ಕಾರ ಮೊದಲಿನ ಹಾಗೆ ತನ್ನ ಕೈಯಲ್ಲೇ ಅಗ್ಗವಾಗಿ ಇಟ್ಟುಕೊಂಡಿತು. ಜನ ಪೊಟ್ಯಾಷ್ ಬಿಟ್ಟು ಅದೇ ದುಡ್ಡಿಗೆ ಇನ್ನೂ ಎರಡು ಮೂಟೆ ಯೂರಿಯಾ ಹೇರಿಕೊಂಡು ಹೋಗತೊಡಗಿದರು. ಗದ್ದೆ ಕಡುಹಸಿರಾಗಿ ನೋಡಲು ಚೆಂದ. ಪೈರು ಉದ್ದಕ್ಕೆ ಎದ್ದು ಗಾಳಿಗೆ ಮಲಗಿಬಿಡುತ್ತಿತ್ತು, ಹುಳ ಮುತ್ತಿಕೊಳ್ಳುತ್ತಿತ್ತು. 'ಅನ್ನ ಬುಟ್ಟು ಬರೀ ಉಪ್ಪಿನಕಾಯಿ ತಿಂದಂಗೆ. ಬಿಲ್ಲು ಬರ್ಯೋವಾಗ ನಾನೂ ಹೇಳ್ತಿದ್ದೆ, ಒಂದು ಪೊಟ್ಯಾಷ್ ಹಾಕ್ಸ್ಕೋ ಅಂತ. ನಿಂದು ನೀ ನೋಡ್ಕೋ ಗುಮಾಸ್ತ ಅನ್ನೋರು. ಆಮೇಲಾಮೇಲೆ ಹೇಳೋದು ಬುಟ್ಟೆ. ಅದು ನನ್ನ ತಪ್ಪೇ.'

ಸ್ವಲ್ಪ ಹೊತ್ತಾದ ಮೇಲೆ, ಬೇರೇನೋ ಹೇಳುವವನ ಹಾಗೆ, 'ನಿಮ್ಮವ್ವ ಸ್ಯಾಣೆ ಇದ್ಲು' ಅಂದ. 'ಶನಿವಾರ ಗೋಡೌನು ಗುಡ್ಸಿದ್ದು ಬರೋದಲ್ಲ, ಹರಿದ ಮೂಟೆಯಿಂದ ಚೆಲ್ಲಿದ್ದು, ಅದುನ್ನ ಮೊರದಲ್ಲಿ ಒಂದು ಬೊಗಸೆ ಇಸ್ಕೊಂಡು ಹೋಗೋಳು. ಗಿಡಕ್ಕೆ ನೇರ ಹಾಕ್ತಿರ್ಲಿಲ್ಲ. ತಿಪ್ಪೆಗುಂಡಿಗೆ ಹುಲ್ಲು ತರಗು ಹಾಕಿದ್ಮೇಲೆ ಅದರ ಮೇಲೆ ಚಿಮುಕ್ಸಿ ಸಗಣಿ ನೀರು ಬುಡೋಳು. ಬೇಗ ಕೊಳೀತದೆ ಅಂತ. ಅವ್ಳಿಗೆ ಯಾರು ಹೇಳ್ಕೊಟ್ರೋ.'

ನನ್ನ ಎಂಟು ವರ್ಷದ ಭಾಷಣಗಳು ಆ ತೊಟ್ಟಿಕಟ್ಟೆಯ ಮೇಲೆ ಕುಸಿದು ಕೂತವು. ಅವ್ವ ಒಣಕಸದ ಮೇಲೆ ಸಾರಜನಕ ಚಿಮುಕಿಸುತ್ತಿದ್ದಳು. ನಾನು ಮಲ್ಲಿಗೆಯ ಬುಡಕ್ಕೆ ಕೊಳೆಯದ ತರಗೆಲೆಯನ್ನೂ ನಾರಿನ ಪುಡಿಯನ್ನೂ ಒಟ್ಟಿ, ಮೇಲೆ ಏನೂ ಕೊಟ್ಟಿರಲಿಲ್ಲ. ಒಣಕಸವನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು. ಕಸದಲ್ಲಿ ಸಾಲದಿದ್ದರೆ ಅವು ಮಣ್ಣಿನಿಂದ ಕಿತ್ತುಕೊಳ್ಳುತ್ತವೆ, ಬೇರಿಗೆ ಉಳಿಯುವುದಿಲ್ಲ. ಗಿಡ ಹೊಸ ಚಿಗುರಿಗೆಂದು ಹಳೆಯ ಎಲೆಯಿಂದಲೇ ಸಾರ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೇ ಕೆಳಗಿನ ಎಲೆ ಮೊದಲು ಹಳದಿ. ಅಪ್ಪ ಮೊದಲ ಸಂಜೆ ಹಿಡಿದು ನೋಡಿದ್ದು ಕೆಳಗಿನ ಎಲೆಯನ್ನೇ.

ಅಪ್ಪನ ಕೈ ಹಿಡಿದು ತಪ್ಪಾಯಿತು ಅಂದೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಅನ್ನಲಿಲ್ಲ. 'ಡ್ರಾಪ್ಸ್ ಟೈಮಾಯ್ತು, ನಡಿ' ಅಂದೆ. ಕೆಳಗೆ ಬಂದು ತಲೆ ಹಿಂದಕ್ಕೆ ಮಾಡಿ ಕೂತ.

ಅವನು ಊರಿಗೆ ಹೊರಡುವ ಹೊತ್ತಿಗೆ ಮಲ್ಲಿಗೆ ಹಸಿರಿಗೆ ತಿರುಗಿ, ತುದಿಗಳಲ್ಲಿ ಸಾಸಿವೆಯಷ್ಟು ಮೊಗ್ಗು ಕಟ್ಟಿತ್ತು. ಬಸ್ಸು ಹತ್ತುವಾಗ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು, 'ಲೀಟ್ರು ನೀರಿಗೆ ಎರಡು ಗ್ರಾಮು. ಮಣ್ಣು ಒದ್ದೆ ಇರ್ಬೇಕು. ತಿಂಗ್ಳು ಹೋಗ್ಲಿ, ಆಮೇಲೆ ಇನ್ನೊಂದು ಸಲ' ಅಂದ. ಯುಗಾದಿ ಹತ್ತಿರವಿತ್ತು. ಹಬ್ಬದ ದಿನ ಅವ್ವನ ಫೋಟೋಗೆ ಅವ್ವನದೇ ಮಲ್ಲಿಗೆ ಮುಡಿಸಬೇಕು ಅನ್ನುವ ಆಸೆ ಹತ್ತಿತು ನನಗೆ. ತಿಂಗಳು ಕಾಯಲಿಲ್ಲ, ಅಳೆಯಲೂ ಇಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಕಾಲೇಜಿನಿಂದ ಬಂದವಳು, ಒಣಮಣ್ಣಿಗೆ ಒಂದು ದೊಡ್ಡ ಚಮಚ ಸುರಿದು, ಮೇಲೆ ಒಂದು ಲೋಟ ನೀರು ಚೆಲ್ಲಿ, ಮದುವೆಯೊಂದಕ್ಕೆ ತುಮಕೂರಿಗೆ ಹೊರಟುಹೋದೆ. ಹತ್ತು ವರ್ಷ ಸಾವಯವ ಮಾಡಿದವಳಿಗೆ ಅಳತೆಯ ಭಯವೇ ಇರಲಿಲ್ಲ ನೋಡಿ. ಎರೆಗೊಬ್ಬರ ಎರಡು ಹಿಡಿ ಹೆಚ್ಚಾದರೂ ಗಿಡ ಬೈಯುವುದಿಲ್ಲ.

ಭಾನುವಾರ ರಾತ್ರಿ ಬಂದು ಮೊಬೈಲ್ ಬೆಳಕಿನಲ್ಲಿ ನೋಡಿದರೆ ಎಲೆಗಳ ಅಂಚು ಬೀಡಿ ತಗುಲಿಸಿದ ಹಾಗೆ ಕಂದಾಗಿತ್ತು. ಮೊಗ್ಗು ಮುಟ್ಟಿದರೆ ಉದುರಿದವು. ಹತ್ತೂವರೆಯಲ್ಲೂ ಅಪ್ಪನಿಗೆ ಫೋನ್ ಮಾಡಿದೆ. ಎಷ್ಟು ಹಾಕಿದೆ ಅಂತ ಕೇಳಿದ. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು.

'ಉಪ್ಪು ತಿಂದೋರು ನೀರು ಕುಡೀಲೇಬೇಕಲ್ಲವ್ವ' ಅಂದ. 'ಈಗ್ಲೇ ಹೋಗು. ಕುಂಡದ ತಳದಿಂದ ಸುರ್ಯೋಗಂಟ ನೀರು ಹಾಕು. ಅರ್ಧ ಗಂಟೆ ಬುಟ್ಟು ಇನ್ನೊಂದು ಸಲ. ಹಂಗೇ ನಾಲ್ಕೈದು ಸಲ ತೊಳೀಬೇಕು. ಬೆಳಿಗ್ಗೆ ನೆಳ್ಳಿಗಿಡು. ಎಲೆ ಕೀಳ್ಬೇಡ. ಇನ್ನೇನೂ ಕೊಡ್ಬೇಡ, ನಿನ್ನ ಜೀವಾಮೃತಾನೂ ಕೊಡ್ಬೇಡ.'

ಒಂದು ಗಂಟೆಯ ರಾತ್ರಿಯವರೆಗೆ ತಾರಸಿಯಲ್ಲಿ ಮಗ್ಗಿನಿಂದ ನೀರು ಸುರಿಯುತ್ತ ಕೂತಿದ್ದೆ. ಮಣ್ಣಿನ ಹೊರಗಡೆ ಉಪ್ಪು ಹೆಚ್ಚಾದಾಗ ಬೇರು ನೀರು ಎಳೆದುಕೊಳ್ಳಲಾರದು, ಒಳಗಿದ್ದದ್ದೂ ಹೊರಗೆ ಹೋಗುತ್ತದೆ. ಒದ್ದೆ ಮಣ್ಣಿನಲ್ಲೇ ನಿಂತು ಗಿಡ ಬಾಯಾರಿ ಸುಡುತ್ತದೆ. ಕುಂಡದ ತಳದಿಂದ ಹರಿದ ನೀರು ತಾರಸಿಯ ಇಳಿಜಾರಿನಲ್ಲಿ ಚರಂಡಿಯ ಕಡೆಗೆ ಹೋಗುತ್ತಿತ್ತು. ಊರಿನ ನಾಲೆಗಳಲ್ಲಿ ಹೀಗೆಯೇ ಎಷ್ಟು ಹೋಗಿದೆಯೋ ಅನ್ನಿಸಿತು. ನಾಲ್ಕನೆಯ ಸಲದ ಹೊತ್ತಿಗೆ ಕೆಳಗಿನ ಮನೆಯವರು ದೀಪ ಹಾಕಿ ಯಾರದು ಅಂತ ಕೇಳಿದರು. ನಾನೇ ಆಂಟಿ, ಗಿಡಕ್ಕೆ ನೀರು, ಅಂದೆ. ಈ ಹೊತ್ತಲ್ಲಿ ಗಿಡಕ್ಕೆ ನೀರು ಹಾಕುವವಳ ಬಗ್ಗೆ ಅವರು ಏನಂದುಕೊಂಡರೋ.

ಯುಗಾದಿಗೆ ಅವ್ವನ ಫೋಟೋಗೆ ಗಾಂಧಿಬಜಾರಿನಿಂದ ತಂದ ಮಲ್ಲಿಗೆಯನ್ನೇ ಹಾಕಿದೆ. ಗಿಡದ ಎಲೆಗಳೆಲ್ಲ ಒಂದೊಂದಾಗಿ ಉದುರಿ ಬರೀ ಕಡ್ಡಿ ಉಳಿಯಿತು. ಅಪ್ಪ ದಿನಾ ರಾತ್ರಿ ಫೋನ್ ಮಾಡಿ, ಊಟ ಆಯ್ತಾ ಅನ್ನುವುದಕ್ಕೂ ಮುಂಚೆ 'ಕಡ್ಡಿ ಉಗುರಲ್ಲಿ ಕೆರೆದು ನೋಡ್ದಾ?' ಅಂತ ಕೇಳುತ್ತಿದ್ದ. ಕೆರೆದರೆ ತೊಗಟೆಯ ಕೆಳಗೆ ಹಸಿರು ಇನ್ನೂ ಇದೆ. ಬುಡದಿಂದ ಎರಡಂಗುಲ ಮೇಲೆ ಮಾತ್ರ. ಅದಕ್ಕಿಂತ ಮೇಲೆ ಕಂದು.

ಹೋದ ವಾರ ಕಂಡಕ್ಟರೊಬ್ಬರ ಫೋನ್ ಬಂತು. ನಿಮ್ಮ ಹೆಸರಿಗೊಂದು ಮೂಟೆ ಇದೆ, ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಬಂದು ತಗೊಂಡು ಹೋಗಿ, ಪ್ಯಾಸೆಂಜರುಗಳೆಲ್ಲ ಮೂಗು ಮುಚ್ಚಿಕೊಂಡು ಬಂದಿದ್ದಾರೆ ಅಂತ ಸಿಡುಕಿದರು. ಹೋದೆ. ಬಾಯಿ ಹೊಲಿದ ಯೂರಿಯಾ ಚೀಲ. ಒಳಗೆ ಎರಡು ವರ್ಷ ಕಳಿತ, ಕಾಫಿಪುಡಿಯಂತೆ ಉದುರುದುರಾದ ಕೊಟ್ಟಿಗೆ ಗೊಬ್ಬರ. ಅವ್ವನ ತಿಪ್ಪೆಗುಂಡಿಯ ತಳದ್ದೇ ಇರಬೇಕು. ಲಗೇಜು ಟಿಕೆಟ್ಟಿನ ಮೇಲೆ ಕಂಡಕ್ಟರಿಗೆ ಐವತ್ತು ರೂಪಾಯಿ ಹೆಚ್ಚಿಗೆ ಕೊಟ್ಟು, ಮೂಟೆಯನ್ನು ಆಟೋದಲ್ಲಿ ಕಾಲ ಹತ್ತಿರ ಇಟ್ಟುಕೊಂಡು ಬಂದೆ. ರಾತ್ರಿ ಫೋನಿನಲ್ಲಿ ಬಂತಾ ಅಂತ ಕೇಳಿದ. ಬಂತು ಅಂದೆ.

'ಈಗ್ಲೇ ಹಾಕ್ಬುಟ್ಟೀಯ ಮತ್ತೆ' ಅಂದ. 'ಚಿಗುರು ಒಡೀಲಿ ಮೊದ್ಲು.'